ಜ್ವರಪೀಡಿತರಿಗಾಗಿ ಮಂಜನ್ನು ಮಾಡಿದ ವೈದ್ಯ: ಜಾನ್ ಗೋರಿ

ಚೆನ್ನೈಯ ಮರೀನಾ ಕಡಲತೀರಕ್ಕೆ ಅಭಿಮುಖವಾಗಿ, ತಿರುವಲ್ಲಿಕ್ಕೇಣಿಯ ಅಂಚಿನಲ್ಲಿ, ದುಂಡಗಿನ ಗೋಡೆಗಳುಳ್ಳ ಒಂದು ಹಳೆಯ ಕಟ್ಟಡವಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಪಾಶ್ಚಾತ್ಯ ದೇಶಗಳಿಂದ ಹಿಂದಿರುಗಿದಾಗ ಕೆಲವು ದಿನ ಅಲ್ಲಿ ತಂಗಿದ್ದರು. ಆದುದರಿಂದ ಇಂದು ಅದಕ್ಕೆ ಅವರ ಹೆಸರೇ ಇದೆ. ಆದರೂ ಆ ಸುತ್ತಿನ ಪ್ರದೇಶವನ್ನು ಜನರು ಇನ್ನೂ ಐಸ್ ಹೌಸ್ ಎಂದೇ ಕರೆಯುತ್ತಾರೆ. ಈ ಸುಡುಬಿಸಿಲಿನ ಊರಿನಲ್ಲಿ ಮಂಜಿನ ಮನೆಯೊಂದು ಹೇಗೆ ಬಂದಿತೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿಕೊಂಡಿದ್ದೇವೆ?

ಅಮೆರಿಕದ ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಚಳಿಗಾಲದಲ್ಲಿ ಅಲ್ಲಿಯ ಕೊಳಗಳು ಹೆಪ್ಪುಗಟ್ಟಿದಾಗ ಮಂಜನ್ನು ಗರಗಸದಿಂದ ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗುಗಳಲ್ಲಿ ತುಂಬಿ, ದೂರದ ಉಷ್ಣದೇಶಗಳಿಗೆ ಮಾರುತ್ತಿದ್ದನು. 1833ರಲ್ಲಿ ಅವನ ಮೊದಲ ಹಡಗು ಕಲ್ಕತ್ತೆಗೆ ಬಂದಿತು. ಹೊರಟಾಗ 180 ಟನ್ನಿನಷ್ಟಿದ್ದ ಮಂಜು ನಾಲ್ಕು ತಿಂಗಳ ಪಯಣದಲ್ಲಿ ಕರಗಿ, ಸುಮಾರು 100 ಟನ್ ಮಾತ್ರ ಉಳಿದಿತ್ತು. ಮದರಾಸಿಗೆ ಬಂದ ಮಂಜನ್ನು ಇಟ್ಟುಕೊಳ್ಳುವುದಕ್ಕೆಂದು 1842ರಲ್ಲಿ ನಾವು ಹೇಳಿದ ಕಟ್ಟಡವು ಎದ್ದಿತು. ಅರ್ಧ ಭೂಮಂಡಲವನ್ನು ಸುತ್ತಿ ಬಂದ ಆ ವಸ್ತು ಸಿರಿವಂತರ ಪಾನೀಯಕ್ಕೂ ಆಸ್ಪತ್ರೆಯ ಕೆಲವು ರೋಗಿಗಳಿಗೂ ದೊರೆಯುತ್ತಿತ್ತಲ್ಲದೆ ಬಡವನ ಕೈಗೆ ಎಟುಕುತ್ತಿರಲಿಲ್ಲ.

ಅದೇ ಕಾಲದಲ್ಲಿ, ಟ್ಯೂಡರನ ದೇಶದಲ್ಲಿಯೇ, ಮಂಜನ್ನು ತರಿಸುವುದೇಕೆ, ಬೇಸಗೆಯ ನಡುವೆ ನಾವೇ ಅದನ್ನು ಮಾಡಬಾರದೇಕೆ ಎಂದು ಒಬ್ಬ ವೈದ್ಯನು ಕೇಳಿಕೊಂಡನು. ಆತನೇ ಡಾಕ್ಟರ್ ಜಾನ್ ಗೋರಿ. ಆತನ ಜೀವನವನ್ನು ನಾವು ಈ ಪುಟಗಳಲ್ಲಿ ನೆನೆಯೋಣ.

ಗೋರಿಯು ಹುಟ್ಟಿದುದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಬಾಲ್ಯವನ್ನು ಆತನು ಅಮೆರಿಕದ ದಕ್ಷಿಣ ಕ್ಯಾರೊಲೈನಾ ಸಂಸ್ಥಾನದಲ್ಲಿ ಕಳೆದನು. ವೈದ್ಯವಿದ್ಯೆಯನ್ನು ಕಲಿಯಲು ನ್ಯೂಯಾರ್ಕ್ ಸಂಸ್ಥಾನದ ಫೇರ್‌ಫೀಲ್ಡ್ ಎಂಬ ಊರಿನ ವಿದ್ಯಾಲಯವನ್ನು ಸೇರಿ, 1827ರಲ್ಲಿ ಪದವೀಧರನಾದನು. ಕೆಲಕಾಲ ಬೇರೆಡೆ ವೈದ್ಯವೃತ್ತಿಯನ್ನು ನಡೆಸಿ, 1833ರಲ್ಲಿ ಫ್ಲಾರಿಡಾದ ಅಪಲಾಚಿಕೋಲ ಎಂಬ ಬಂದರಿಗೆ ಬಂದು ನೆಲೆಸಿದನು. ಟ್ಯೂಡರನ ಮಂಜು ಕಲ್ಕತ್ತೆಯನ್ನು ಮುಟ್ಟಿದುದೂ ಅದೇ ವರ್ಷ ಎಂಬುದನ್ನು ಓದುಗರು ಗಮನಿಸಬಹುದು.

ಅಪಲಾಚಿಕೋಲವು ಮೆಕ್ಸಿಕೋ ಕೊಲ್ಲಿಯ ದಡದಲ್ಲಿ, ಅದೇ ಹೆಸರಿನ ನದಿಯ ಮುಖದಲ್ಲಿರುವ ಊರು. ಒಳನಾಡಿನ ಹೊಲಗಳಲ್ಲಿ ಗುಲಾಮರು ಬೆವರು ಸುರಿಸಿ ಬೆಳೆದ ಹತ್ತಿಯು ಆ ನದಿಯಲ್ಲಿ ಇಳಿದು ಬಂದು ಅಲ್ಲಿಂದ ಹಡಗು ಹತ್ತುತ್ತಿತ್ತು. ಊರಿನಲ್ಲಿ ಹಣ ಓಡಾಡುತ್ತಿತ್ತು. ಆದರೆ ಸುತ್ತಲೂ ಜವುಗು ನೆಲ, ನಿಂತ ನೀರು, ಬಿಡದ ಸೆಕೆ. ಬೇಸಗೆ ಬಂದಿತೆಂದರೆ ಚಳಿಜ್ವರವೂ ಅದಕ್ಕಿಂತ ಭೀಕರವಾದ ಹಳದಿ ಜ್ವರವೂ ಮನೆಮನೆಯನ್ನು ಹೊಕ್ಕುತ್ತಿದ್ದವು.

ಗೋರಿಯು ಬರಿಯ ವೈದ್ಯನಾಗಿ ಉಳಿಯಲಿಲ್ಲ. ಊರಿನ ಅಂಚೆಯ ಅಧಿಕಾರಿಯಾದನು, ಪುರಸಭೆಯ ಸದಸ್ಯನಾದನು, 1837ರಲ್ಲಿ ನಗರಾಧ್ಯಕ್ಷನೂ ಆದನು. ಜವುಗು ನೆಲಗಳನ್ನು ಬತ್ತಿಸಬೇಕೆಂದೂ ಊರನ್ನು ನಿರ್ಮಲವಾಗಿಡಬೇಕೆಂದೂ ಜನರಿಗೆ ಹೇಳಿದನು. 1838ರಲ್ಲಿ ಕ್ಯಾರೊಲಿನ್ ಎಂಬಾಕೆಯನ್ನು ವಿವಾಹವಾದನು. ಗೌರವ, ಗೃಹಸೌಖ್ಯ, ಸಾಕಷ್ಟು ಸಂಪಾದನೆ ಇವೆಲ್ಲವೂ ಆತನಿಗೆ ಒದಗಿದ್ದವು. ಆದರೆ 1841ರಲ್ಲಿ ಆ ಕರಾವಳಿಯಲ್ಲಿ ಹಳದಿ ಜ್ವರವು ಉಗ್ರರೂಪವನ್ನು ತಾಳಿತು. ನೆರೆಯ ಸೇಂಟ್ ಜೋಸೆಫ್ ಎಂಬ ಬಂದರು ಆ ಪೆಟ್ಟಿನಿಂದ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಬದುಕಿದವರು ಮನೆಮಾರು ಬಿಟ್ಟು ಹೋದರು. ಗೋರಿಯ ಕೈಯಲ್ಲಿ ಆ ರೋಗಕ್ಕೆ ಮದ್ದಿರಲಿಲ್ಲ. ಇಡೀ ಲೋಕದಲ್ಲಿಯೇ ಅದಕ್ಕೆ ಮದ್ದಿರಲಿಲ್ಲ.

ಆ ದಿನಗಳಲ್ಲಿ ಈ ಜ್ವರಗಳ ಕಾರಣವನ್ನು ಯಾರೂ ಅರಿತಿರಲಿಲ್ಲ. ಕೊಳೆಯುವ ಜೌಗಿನಿಂದ ಏಳುವ ವಿಷದ ಗಾಳಿಯೇ ಜ್ವರಕ್ಕೆ ಮೂಲವೆಂದು ವೈದ್ಯಶಾಸ್ತ್ರವು ಬೋಧಿಸುತ್ತಿತ್ತು. ಗೋರಿಯೂ ಹಾಗೆಯೇ ನಂಬಿದ್ದನು. ಚಳಿಗಾಲದಲ್ಲಿ ರೋಗವು ಅಡಗುವುದನ್ನು ಕಂಡಿದ್ದ ಆತನು, ರೋಗಿಯ ಕೋಣೆಯ ಗಾಳಿಯನ್ನೇ ತಣ್ಣಗೆ ಮಾಡಿದರೆ ವಿಷವು ಶಮನವಾದೀತೆಂದು ಊಹಿಸಿದನು. ಊಹೆಯು ತಪ್ಪು. ಆದರೆ ಅದರಿಂದ ಹುಟ್ಟಿದ ಏರ್ಪಾಡು ಚತುರವಾದುದು. ಮಾಳಿಗೆಯಿಂದ ಒಂದು ಪಾತ್ರೆಯನ್ನು ತೂಗುಹಾಕಿ ಅದರಲ್ಲಿ ಮಂಜನ್ನಿಟ್ಟನು. ತಂಪಾದ ಗಾಳಿಯು ಬಿಸಿಗಾಳಿಗಿಂತ ಭಾರವಾದುದರಿಂದ ಅದು ಕೆಳಗಿಳಿದು, ಹಾಸಿಗೆಯ ಮೇಲೆ ಹರಿದು, ನೆಲದ ಬಳಿ ಮಾಡಿದ್ದ ಕಿಂಡಿಯಿಂದ ಹೊರಹೋಗುತ್ತಿತ್ತು. ಜ್ವರದ ಮೂಲವು ಇದರಿಂದ ನಾಶವಾಗದಿದ್ದರೂ ಕಾದ ಮೈಯ ರೋಗಿಗೆ ನೆಮ್ಮದಿ ದೊರೆಯುತ್ತಿತ್ತು. ಇಂದು ಶ್ರೀಮಂತರ ಕಚೇರಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಇರುವ ಹವಾನಿಯಂತ್ರಿತ ಕೋಣೆಗಳಿಗೆ ಆ ಬಡ ರೋಗಿಗಳ ಕೋಣೆಯೇ ಹಿರಿಯಕ್ಕನೆಂದರೆ ತಪ್ಪಾಗದು.

ಇಲ್ಲಿಯೇ ತೊಡಕು ಬಂದಿತು. ಅಪಲಾಚಿಕೋಲಕ್ಕೂ ಮಂಜು ಉತ್ತರದ ಕೊಳಗಳಿಂದ ಹಡಗಿನಲ್ಲಿಯೇ ಬರಬೇಕಾಗಿದ್ದಿತು. ಅದು ದುಬಾರಿ. ಹಡಗು ತಡವಾದರೆ ಎಷ್ಟು ಹಣ ಕೊಟ್ಟರೂ ಸಿಕ್ಕದು. ಬೇನೆಯಾದರೋ ಹಡಗಿಗಾಗಿ ಕಾಯದು. ಆದುದರಿಂದ ಮಂಜನ್ನು ಸ್ಥಳದಲ್ಲಿಯೇ ತಯಾರಿಸುವುದೊಂದೇ ದಾರಿಯೆಂದು ಗೋರಿಯು ನಿಶ್ಚಯಿಸಿದನು. 1844ರಲ್ಲಿ ಊರಿನ ಪತ್ರಿಕೆಯಲ್ಲಿ ಜೆನ್ನರ್ ಎಂಬ ಗುಪ್ತನಾಮದಿಂದ ಈ ವಿಷಯವಾಗಿ ಲೇಖನಗಳನ್ನು ಬರೆದನು. ಸಿಡುಬಿಗೆ ಲಸಿಕೆಯನ್ನು ಕಂಡುಹಿಡಿದ ಮಹಾವೈದ್ಯನ ಹೆಸರನ್ನು ಆರಿಸಿಕೊಂಡುದರಲ್ಲಿಯೇ ಆತನ ಮನಸ್ಸು ಯಾವ ಕಡೆಗಿತ್ತೆಂಬುದು ವ್ಯಕ್ತವಾಗುತ್ತದೆ. 1845ರಲ್ಲಿ ವೈದ್ಯವೃತ್ತಿಯನ್ನೇ ಬಿಟ್ಟು ಯಂತ್ರನಿರ್ಮಾಣಕ್ಕೆ ಕೈಹಾಕಿದನು.

ಆತನ ಯಂತ್ರದ ತತ್ತ್ವವನ್ನು ತಿಳಿಯಲು ನಾವು ದೊಡ್ಡ ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಸೈಕಲ್ಲಿನ ಟಯರಿಗೆ ಗಾಳಿ ಹೊಡೆಯುವಾಗ ಪಂಪಿನ ಕೆಳತುದಿಯನ್ನು ಮುಟ್ಟಿ ನೋಡಿದರೆ ಅದು ಬಿಸಿಯಾಗಿರುತ್ತದೆ. ತುಂಬಿದ ಟಯರಿನ ಗಾಳಿಯನ್ನು ಬಿಡುವಾಗ ಬೆರಳೊಡ್ಡಿದರೆ ತಣ್ಣಗೆ ತಗಲುತ್ತದೆ. ಅದುಮಿದರೆ ಬಿಸಿ, ಹಿಗ್ಗಿದರೆ ತಂಪು. ಇದಕ್ಕೆ ಕಾರಣವೇನು?

ಗಾಳಿಯೆಂಬುದು ಅಸಂಖ್ಯ ಅಣುಗಳ ಓಡಾಟ. ಆ ಓಟದ ಚುರುಕೇ ಗಾಳಿಯ ಬಿಸಿ. ನಮ್ಮ ಹುಡುಗರು ಕ್ರಿಕೆಟ್ ಆಡುವುದನ್ನು ನೆನಪಿಗೆ ತಂದುಕೊಳ್ಳೋಣ. ಮುಂದಕ್ಕೆ ಬೀಸಿದ ಬ್ಯಾಟಿಗೆ ತಗಲಿದ ಚೆಂಡು ಹೆಚ್ಚು ವೇಗದಿಂದ ಹಿಂದಿರುಗುತ್ತದೆ. ಹಾಗೆಯೇ ಮುಂದೊತ್ತಿ ಬರುವ ಪಿಸ್ಟನ್ನಿಗೆ ತಗಲಿದ ಅಣುಗಳ ವೇಗ ಹೆಚ್ಚುತ್ತದೆ, ಗಾಳಿ ಬಿಸಿಯಾಗುತ್ತದೆ. ಕ್ಯಾಚು ಹಿಡಿಯುವ ಜಾಣನು ಚೆಂಡು ಕೈಗೆ ಬಂದೊಡನೆ ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತಾನೆ. ಚೆಂಡಿನ ವೇಗ ಕುಂದುತ್ತದೆ. ಹಾಗೆಯೇ ಹಿಂದಕ್ಕೆ ಸರಿಯುವ ಪಿಸ್ಟನ್ನನ್ನು ತಳ್ಳುವ ಅಣುಗಳು ತಮ್ಮ ವೇಗದಲ್ಲಿ ಸ್ವಲ್ಪವನ್ನು ಅದಕ್ಕೆ ತೆರುತ್ತವೆ, ಗಾಳಿ ತಣ್ಣಗಾಗುತ್ತದೆ. ಹೊರಗಿನಿಂದ ಶಾಖವು ಒಳಬರಲು ಎಡೆಯಿಲ್ಲದಂತೆ, ಅಥವಾ ಸಮಯವಿಲ್ಲದಂತೆ, ಅನಿಲವು ಹೀಗೆ ಹಿಗ್ಗುವುದನ್ನು ವಿಜ್ಞಾನಿಗಳು ಸ್ಥಿರೋಷ್ಣ ವ್ಯಾಕೋಚನವೆಂದು ಕರೆಯುತ್ತಾರೆ. ಇದು ಪ್ರಕೃತಿಯ ನಿತ್ಯದ ಕೆಲಸ. ಅರಬ್ಬಿ ಸಮುದ್ರದಿಂದ ಬೀಸುವ ಮುಂಗಾರಿನ ಗಾಳಿಯು ಪಶ್ಚಿಮ ಘಟ್ಟಗಳನ್ನೇರುವಾಗ ಮೇಲೆ ಒತ್ತಡವು ಕಡಮೆಯಾದುದರಿಂದ ಹಿಗ್ಗುತ್ತದೆ, ತಣಿಯುತ್ತದೆ, ಹೊತ್ತು ತಂದ ನೀರಾವಿಯನ್ನು ಮಳೆಯಾಗಿ ಸುರಿಸುತ್ತದೆ. ಆಗುಂಬೆಯ ಮಳೆಯಲ್ಲಿಯೂ ಗೋರಿಯ ಯಂತ್ರದಲ್ಲಿಯೂ ನಡೆಯುವ ನಿಯಮ ಒಂದೇ.

ಆದರೆ ಗಾಳಿಯನ್ನು ಅದುಮಿ ಒಡನೆಯೇ ಹಿಗ್ಗಿಸಿದರೆ ಅದು ಮೊದಲಿನ ಉಷ್ಣತೆಗೇ ಮರಳುವುದಲ್ಲದೆ ಲಾಭವೇನೂ ಇಲ್ಲ. ಗುಟ್ಟು ಇರುವುದು ನಡುವಣ ಹೆಜ್ಜೆಯಲ್ಲಿ. ಗೋರಿಯು ಒಂದು ಸಿಲಿಂಡರಿನಲ್ಲಿ ಗಾಳಿಯನ್ನು ಅದುಮುತ್ತಲೇ ಅದರೊಳಕ್ಕೆ ನೀರನ್ನು ಚಿಮ್ಮಿಸಿದನು. ಅನಂತರ ಆ ಗಾಳಿಯನ್ನು ನೀರಿನಲ್ಲಿ ಮುಳುಗಿಸಿದ್ದ ಕೊಳವೆಗಳಲ್ಲಿ ಹರಿಸಿದನು. ಅದುಮುವಿಕೆಯಿಂದ ಹುಟ್ಟಿದ ಶಾಖವನ್ನು ನೀರು ಒಯ್ದಿತು. ಹೀಗೆ ತಣಿದರೂ ಇನ್ನೂ ಒತ್ತಡದಲ್ಲಿದ್ದ ಗಾಳಿಯನ್ನು ಎರಡನೆಯ ಸಿಲಿಂಡರಿನಲ್ಲಿ ಹಿಗ್ಗಲು ಬಿಟ್ಟನು. ಅಲ್ಲಿ ಅದು ಪಿಸ್ಟನ್ನನ್ನು ತಳ್ಳಿ ದುಡಿಯಬೇಕಾಯಿತು. ದುಡಿದುದರಿಂದ ಅತಿಶೀತಲವಾಯಿತು. ಸುತ್ತಲಿದ್ದ ಉಪ್ಪುನೀರು ಆ ಶೀತವನ್ನು ಪಡೆದು, ತನ್ನಲ್ಲಿ ಇಳಿಬಿಟ್ಟ ಪಾತ್ರೆಯ ಸಿಹಿನೀರನ್ನು ಹೆಪ್ಪುಗಟ್ಟಿಸಿತು. ಪಿಸ್ಟನ್ನಿಗೆ ದೊರೆತ ಶಕ್ತಿಯೂ ವ್ಯರ್ಥವಾಗಲಿಲ್ಲ; ಅದನ್ನು ಗಾಳಿಯನ್ನು ಅದುಮುವ ಕೆಲಸಕ್ಕೇ ಹಿಂದಿರುಗಿಸುವಂತೆ ಆತನು ಜೋಡಿಸಿದ್ದನು.

ಗಣಿತದಲ್ಲಿ ಆಸಕ್ತಿಯುಳ್ಳವರಿಗಾಗಿ ಒಂದು ಲೆಕ್ಕ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಣಗಾಳಿಯನ್ನು ಶಾಖ ಸೋರದಂತೆ ಇಮ್ಮಡಿ ಒತ್ತಡಕ್ಕೆ ಅದುಮಿದರೆ ಅದು ಸುಮಾರು 96 ಡಿಗ್ರಿಗೆ ಏರುತ್ತದೆ. ಆ ಒತ್ತಡದಲ್ಲಿಯೇ ಇಟ್ಟು, ನೀರಿನಿಂದ ಮತ್ತೆ 30 ಡಿಗ್ರಿಗೆ ತಣಿಸಿ, ಪಿಸ್ಟನ್ನನ್ನು ತಳ್ಳುತ್ತ ಮೊದಲಿನ ಒತ್ತಡಕ್ಕೆ ಹಿಗ್ಗಲು ಬಿಟ್ಟರೆ ಸೊನ್ನೆಗಿಂತ ಸುಮಾರು 25 ಡಿಗ್ರಿ ಕೆಳಗೆ ಇಳಿಯುತ್ತದೆ. ಇದು ದೋಷವಿಲ್ಲದ ಆದರ್ಶ ಯಂತ್ರದ ಲೆಕ್ಕ. ನಿಜವಾದ ಯಂತ್ರದಲ್ಲಿ ಪಿಸ್ಟನ್ ಉಜ್ಜುತ್ತದೆ, ಗಾಳಿ ಸೋರುತ್ತದೆ, ಗಾಳಿಯಲ್ಲಿನ ತೇವ ಹೆಪ್ಪುಗಟ್ಟಿ ಕವಾಟಗಳನ್ನು ಕಟ್ಟುತ್ತದೆ. ಗೋರಿಯ ಯಂತ್ರವೂ ಈ ಕಾಟಗಳಿಂದ ಪಾರಾಗಲಿಲ್ಲ. ಅದು ಸೋರುತ್ತಿತ್ತು, ಆಗಾಗ ನಿಲ್ಲುತ್ತಿತ್ತು. ಆದರೂ ಅದು ಮಂಜನ್ನು ಮಾಡಿತು.

ಅದರ ಮೊದಲ ಪ್ರದರ್ಶನದ ವಿಷಯವಾಗಿ ಆ ಊರಿನವರು ಹೇಳಿಕೊಂಡು ಬಂದ ಕಥೆಯೊಂದುಂಟು. ಜುಲೈ 14 ಫ್ರೆಂಚರ ರಾಷ್ಟ್ರೀಯ ಹಬ್ಬ. ಊರಿನಲ್ಲಿದ್ದ ಫ್ರೆಂಚ್ ಕಾನ್ಸಲನು ಅಂದು ಭೋಜನಕೂಟವನ್ನು ಏರ್ಪಡಿಸಿದ್ದನು. ಮಂಜಿನ ಹಡಗು ಬಂದಿರಲಿಲ್ಲ. ಪಾನೀಯವು ಬೆಚ್ಚಗಿರುವುದೆಂದು ಅತಿಥಿಗಳು ಪೇಚಾಡುತ್ತಿದ್ದರು. ಆಗ ಪರಿಚಾರಕರು ತಟ್ಟೆಗಳಲ್ಲಿ ಮಂಜುಗಡ್ಡೆಯನ್ನು ಹೊತ್ತು ತಂದರಂತೆ. ಅದು ಗೋರಿಯ ಯಂತ್ರದಲ್ಲಿ ಆದುದು. ನೆರೆದವರು ಬೆರಗಾದರು. ಆದರೆ ಕೂಟದ ಕರತಾಡನ ಬೇರೆ, ಕಾರ್ಖಾನೆಗೆ ಬೇಕಾದ ಬಂಡವಾಳ ಬೇರೆ.

ಗೋರಿಯು 1850ರಲ್ಲಿ ಇಂಗ್ಲೆಂಡಿನ ಪೇಟೆಂಟನ್ನೂ 1851ರ ಮೇ 6ರಂದು ಅಮೆರಿಕದ 8080ನೆಯ ಪೇಟೆಂಟನ್ನೂ ಪಡೆದನು. ಅಲ್ಲಿಂದ ಮುಂದೆ ಆತನಿಗೆ ಒಳ್ಳೆಯ ದಿನಗಳು ಬರಲಿಲ್ಲ. ಬಾಸ್ಟನ್ನಿನ ಒಬ್ಬನು ಪಾಲುಗಾರನಾಗಲು ಒಪ್ಪಿದನು. ಕೆಲಸ ಆರಂಭವಾಗುವ ಮೊದಲೇ ತೀರಿಕೊಂಡನು. ಗೋರಿಯು ಬೇರೆ ಹಣವಂತರ ಬಾಗಿಲುಗಳನ್ನು ತಟ್ಟಿದನು, ಯಾವುದೂ ತೆರೆಯಲಿಲ್ಲ. ನ್ಯೂಯಾರ್ಕಿನ ಒಂದು ಪತ್ರಿಕೆಯು, ಫ್ಲಾರಿಡಾದ ಹುಚ್ಚನೊಬ್ಬನು ಮಂಜು ಮಾಡುವುದರಲ್ಲಿ ದೇವರಿಗೆ ಸರಿಗಟ್ಟುವೆನೆಂದು ಹೊರಟಿದ್ದಾನೆ ಎಂಬರ್ಥದ ಅಪಹಾಸ್ಯವನ್ನು ಪ್ರಕಟಿಸಿತು. ಈ ನಿಂದೆಯ ಹಿಂದೆ ಮಂಜಿನ ವ್ಯಾಪಾರಿಗಳ, ಅದರಲ್ಲಿಯೂ ಟ್ಯೂಡರನ, ಕೈವಾಡವಿದೆಯೆಂದು ಗೋರಿಯು ಶಂಕಿಸಿದನು. ಅದಕ್ಕೆ ರುಜುವಾತಿಲ್ಲ, ಆದುದರಿಂದ ನಾವು ಟ್ಯೂಡರನ ಮೇಲೆ ಆ ಹೊರೆಯನ್ನು ಹೊರಿಸುವಂತಿಲ್ಲ. 1806ರಲ್ಲಿ ಟ್ಯೂಡರನು ಮೊದಲ ಸಲ ಹಡಗಿನಲ್ಲಿ ಮಂಜನ್ನು ಕಳುಹಿದಾಗ ಬಾಸ್ಟನ್ನಿನ ಜನರು ಅವನನ್ನೂ ಹುಚ್ಚನೆಂದೇ ನಕ್ಕಿದ್ದರು. ಸಾಲದ ಬಾಧೆಯಿಂದ ಸೆರೆಮನೆಯನ್ನೂ ಕಂಡು ಕೊನೆಗೆ ಗೆದ್ದವನು ಅವನು. ನಗುವವರ ಸ್ವಭಾವವು ಎಲ್ಲ ಕಾಲದಲ್ಲಿಯೂ ಒಂದೇ. ಒಬ್ಬನು ಆ ನಗೆಯನ್ನು ದಾಟಿ ಬದುಕಿದನು, ಇನ್ನೊಬ್ಬನಿಗೆ ಅಷ್ಟು ಆಯುಷ್ಯ ಸಾಲಲಿಲ್ಲ, ಭೇದ ಇಷ್ಟೆ.

1854ರಲ್ಲಿ ಗೋರಿಯು ತನ್ನ ಯಂತ್ರವನ್ನು ವಿವರಿಸುವ ಕಿರುಹೊತ್ತಗೆಯೊಂದನ್ನು ಅಚ್ಚುಮಾಡಿಸಿದನು. ಆ ವೇಳೆಗೆ ದೇಹವೂ ಮನಸ್ಸೂ ಬಳಲಿದ್ದವು, ಕೈಯಲ್ಲಿ ಹಣವಿರಲಿಲ್ಲ. 1855ರ ಜೂನ್ ತಿಂಗಳಲ್ಲಿ ಆತನು ಅಪಲಾಚಿಕೋಲದಲ್ಲಿಯೇ ಕಣ್ಣು ಮುಚ್ಚಿದನು. ಆಗ ಆತನ ವಯಸ್ಸು ಐವತ್ತನ್ನು ಸ್ವಲ್ಪವೇ ಮೀರಿತ್ತು. ಆತನ ಯಂತ್ರದಿಂದ ಯಾರೊಬ್ಬರೂ ವ್ಯಾಪಾರಕ್ಕೆ ಮಂಜನ್ನು ಮಾಡಿರಲಿಲ್ಲ.

ಆತನ ಬಾಳು ನಿಷ್ಫಲವಾಯಿತೆ? ಲೆಕ್ಕದ ಪುಸ್ತಕವನ್ನು ನೋಡುವವನು ಆಯಿತೆಂದೇ ಹೇಳಿಯಾನು. ಅಷ್ಟೇ ಅಲ್ಲ, ಆತನ ವೈದ್ಯಸಿದ್ಧಾಂತವೂ ಬಿದ್ದುಹೋಯಿತು. ಮಲೇರಿಯವನ್ನು ಹರಡುವುದು ವಿಷದ ಗಾಳಿಯಲ್ಲ, ಸೊಳ್ಳೆ ಎಂಬುದರ ಸುಳಿವನ್ನು ರೊನಾಲ್ಡ್ ರಾಸ್ ಎಂಬ ವೈದ್ಯನು 1897ರ ಆಗಸ್ಟಿನಲ್ಲಿ ನಮ್ಮ ಸಿಕಂದರಾಬಾದಿನಲ್ಲಿಯೇ ಕಂಡನು. ಹಳದಿ ಜ್ವರವೂ ಸೊಳ್ಳೆಯಿಂದಲೇ ಬರುವುದೆಂದು ಕ್ಯೂಬಾದ ಕಾರ್ಲೋಸ್ ಫಿನ್ಲೇ 1881ರಲ್ಲಿ ಸೂಚಿಸಿದ್ದನು. 1900ರಲ್ಲಿ ವಾಲ್ಟರ್ ರೀಡನ ತಂಡವು ಅದನ್ನು ಸಿದ್ಧಪಡಿಸಿತು. ಗೋರಿಯು ಹೇಳಿದ್ದ ಮಾತುಗಳಲ್ಲಿ ಜವುಗನ್ನು ಬತ್ತಿಸುವುದೊಂದೇ ರೋಗವನ್ನು ನಿಜವಾಗಿ ತಡೆಯುವ ಉಪಾಯವಾಗಿತ್ತು. ಅದೂ ಆತನು ತಿಳಿದ ಕಾರಣಕ್ಕಾಗಿ ಅಲ್ಲ.

ಆದರೆ ತತ್ತ್ವವು ಉಳಿಯಿತು. 1852ರಲ್ಲಿ, ಗೋರಿಯು ಇನ್ನೂ ಬದುಕಿದ್ದಾಗಲೇ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್ನನು ಗಾಳಿಯನ್ನು ಹಿಗ್ಗಿಸಿ ಕುಗ್ಗಿಸಿ ಕಟ್ಟಡಗಳನ್ನು ತಂಪಾಗಿಸಬಹುದೆಂದೂ ಅದೇ ಕ್ರಮದಿಂದ ಚಳಿಗಾಲದಲ್ಲಿ ಬೆಚ್ಚಗಾಗಿಸಬಹುದೆಂದೂ ಲೆಕ್ಕಹಾಕಿ ತೋರಿಸಿದನು. ಗಾಳಿಯನ್ನು ಮೊದಲು ಹಿಗ್ಗಿಸಿ ತಣಿಸಿದರೆ ಅದು ಹೊರಗಿನ ಚಳಿಗಾಳಿಯಿಂದಲೂ ಶಾಖವನ್ನು ಹೀರುತ್ತದೆ. ಅನಂತರ ಅದುಮಿದರೆ ಆ ಶಾಖವನ್ನು ಕೋಣೆಗೆ ತಂದು ಕೊಡುತ್ತದೆ. ತಂಪಿನ ಯಂತ್ರವೂ ಬಿಸಿಯ ಯಂತ್ರವೂ ಒಂದೇ ಬಟ್ಟೆಯ ಎರಡು ಮುಖಗಳೆಂದು ಹೀಗೆ ಲೋಕಕ್ಕೆ ತಿಳಿಯಿತು. 1857ರಲ್ಲಿ ವಿಲಿಯಂ ಸೀಮೆನ್ಸ್ ಎಂಬ ಯಂತ್ರಶಿಲ್ಪಿಯು ಗೋರಿಯ ಯಂತ್ರವನ್ನು ಪರಿಶೀಲಿಸಿ, ಹಿಗ್ಗಿದ ಮೇಲೂ ಉಳಿಯುವ ತಂಪಿನಿಂದ ಮುಂದೆ ಬರುವ ಗಾಳಿಯನ್ನು ತಣಿಸಬೇಕೆಂಬ ತಿದ್ದುಪಡಿಯನ್ನು ಸೂಚಿಸಿದನು. ಸ್ಕಾಟ್ಲೆಂಡಿನಲ್ಲಿ ಬೆಲ್ ಮತ್ತು ಕೋಲ್ಮನ್ ಎಂಬವರು ಗಾಳಿಯ ಯಂತ್ರವನ್ನು ಹಡಗಿಗೆ ಒಗ್ಗಿಸಿದರು. ಅಂತಹ ಯಂತ್ರವನ್ನು ಹೊತ್ತ ಡುನೆಡಿನ್ ಎಂಬ ಹಡಗು 1882ರಲ್ಲಿ ನ್ಯೂಜಿಲೆಂಡಿನಿಂದ ಹೆಪ್ಪುಗಟ್ಟಿಸಿದ ಮಾಂಸವನ್ನು ಕೆಡದಂತೆ ಲಂಡನ್ನಿಗೆ ಒಯ್ದಿತು.

ನಮ್ಮ ಮನೆಗಳಲ್ಲಿರುವ ಫ್ರಿಜ್ಜು ಗೋರಿಯ ಯಂತ್ರದ ನೇರವಾದ ಸಂತಾನವಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅದರಲ್ಲಿ ಒಂದು ದ್ರವವು ಆವಿಯಾಗುವಾಗ ಶಾಖವನ್ನು ಹೀರುತ್ತದೆ. ಆ ಬಗೆಯ ಯಂತ್ರಕ್ಕೆ ಜೇಕಬ್ ಪರ್ಕಿನ್ಸನು 1834ರಲ್ಲಿಯೇ ಪೇಟೆಂಟನ್ನು ಪಡೆದಿದ್ದನು. ಅದು ಕಡಮೆ ಶಕ್ತಿಯಿಂದ ಹೆಚ್ಚು ಕೆಲಸ ಮಾಡುವುದರಿಂದ ಮನೆಯನ್ನು ಗೆದ್ದಿತು. ನಮ್ಮ ನಾಡಿಗೂ ಮಂಜಿನ ಕಾರ್ಖಾನೆಗಳು ಬಂದು ಮರೀನಾದ ಮಂಜಿನ ಮನೆ ಬರಿದಾಯಿತು. ಗಾಳಿಯ ಯಂತ್ರವು ಹೋದುದು ಬೇರೆ ಕಡೆಗೆ. ಇಂದು ನಾವು ವಿಮಾನದಲ್ಲಿ ಕುಳಿತಾಗ ತಂಪನ್ನು ಕೊಡುವುದು ಬಹುಮಟ್ಟಿಗೆ ಅದುಮಿ, ತಣಿಸಿ, ಹಿಗ್ಗಿಸಿದ ಗಾಳಿಯೇ. 1902ರಲ್ಲಿ ಫ್ರಾನ್ಸಿನ ಜಾರ್ಜ್ ಕ್ಲೋದನು ಅದುಮಿದ ಗಾಳಿಯಿಂದ ಯಂತ್ರವನ್ನು ದುಡಿಸಿ, ಆ ಗಾಳಿಯನ್ನೇ ದ್ರವವಾಗಿಸುವಷ್ಟು ತಣಿಸಿದನು. ದ್ರವವಾದ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸುವ ದೊಡ್ಡ ಕಾರ್ಖಾನೆಗಳು ಇಂದಿಗೂ ದುಡಿಯುತ್ತ ಹಿಗ್ಗುವ ಗಾಳಿಯಿಂದಲೇ ಶೀತವನ್ನು ಪಡೆಯುತ್ತವೆ.

2021ರಲ್ಲಿ ನಮ್ಮ ನಗರಗಳ ಆಸ್ಪತ್ರೆಗಳು ಆಮ್ಲಜನಕಕ್ಕಾಗಿ ಹಾತೊರೆದ ದಿನಗಳನ್ನು ನಮ್ಮಲ್ಲಿ ಹಿರಿಯರಾರೂ ಮರೆತಿಲ್ಲ. ದ್ರವರೂಪದ ಆಮ್ಲಜನಕವನ್ನು ಹೊತ್ತ ಲಾರಿಗಳಿಗಾಗಿ, ರೈಲುಗಳಿಗಾಗಿ, ಜನರು ದಾರಿ ಕಾದರು. ಹಿಂದೆ ಅಪಲಾಚಿಕೋಲದ ವೈದ್ಯನು ಮಂಜಿನ ಹಡಗಿಗಾಗಿ ಕಡಲನ್ನು ನೋಡುತ್ತಿದ್ದುದೂ ಹೀಗೆಯೇ ಇದ್ದಿರಬೇಕು. ಜ್ವರದಿಂದ ಬಳಲುವವನ ಹಾಸಿಗೆಯ ಬಳಿಗೆ ಹಿಗ್ಗಿದ ಗಾಳಿಯ ಫಲವನ್ನು ತರಬೇಕೆಂದು ಆತನು ಬಯಸಿದ್ದನು. ಆತನು ಎಣಿಸಿದ ರೀತಿಯಲ್ಲಿ ಅಲ್ಲದಿದ್ದರೂ, ಆತನ ಕಾಲಾನಂತರವಾದರೂ, ಅದು ಬಂದು ಸೇರಿತು.

1914ರಲ್ಲಿ ಫ್ಲಾರಿಡಾ ಸಂಸ್ಥಾನವು ಅಮೆರಿಕದ ರಾಜಧಾನಿಯ ಸಂಸತ್ ಭವನದಲ್ಲಿ ಗೋರಿಯ ಅಮೃತಶಿಲೆಯ ಪ್ರತಿಮೆಯನ್ನು ಸ್ಥಾಪಿಸಿತು. ಬದುಕಿದ್ದಾಗ ಹುಚ್ಚನೆನಿಸಿಕೊಂಡವನಿಗೆ ಸತ್ತ ಮೇಲೆ ಕಲ್ಲಿನ ಗೌರವ. ಲೋಕದ ರೀತಿಯೇ ಅದು. ನಾವು ಪ್ರತಿಮೆಗಿಂತ ಆ ಕೋಣೆಯನ್ನು ನೆನೆಯೋಣ: ಮಾಳಿಗೆಯಿಂದ ತೂಗುವ ಮಂಜಿನ ಪಾತ್ರೆ, ಕೆಳಗೆ ಕಾದ ಮೈಯ ರೋಗಿ, ಬಳಿಯಲ್ಲಿ ಮಂಜು ಮುಗಿದರೆ ಮುಂದೇನೆಂದು ಯೋಚಿಸುತ್ತ ನಿಂತ ವೈದ್ಯ. ಆತನ ಉತ್ತರದಲ್ಲಿ ತಪ್ಪುಗಳಿದ್ದವು. ಆದರೆ ಆ ಪ್ರಶ್ನೆಯನ್ನು ಆತನು ಇನ್ನೊಬ್ಬರ ನೋವನ್ನು ಕಂಡು ಕೇಳಿದ್ದನು. ಮುಂದಿನ ಸಲ ಸೈಕಲ್ಲಿನ ಪಂಪು ಕೈಯಲ್ಲಿ ಬಿಸಿಯಾದಾಗ ನಮ್ಮ ವಿದ್ಯಾರ್ಥಿಗಳು ಆತನನ್ನು ಒಂದು ಗಳಿಗೆ ನೆನೆದರೆ ಈ ಬರೆಹದ ಶ್ರಮವು ಸಾರ್ಥಕವೆಂದು ನಾವು ಭಾವಿಸುತ್ತೇವೆ.